ಲಾರೆಲ್ ಥ್ಯಾಚರ್ ಉಲ್ರಿಚ್ ಯಾರು? ಒಬ್ಬ ಸೂಲಗಿತ್ತಿಯ ದಿನಚರಿ ಓದಿ ಬರೆದದ್ದಕ್ಕೆ ಪುಲಿಟ್ಜರ್ ಹೇಗೆ ಬಂತು?

ಉಲ್ರಿಚ್ ಅಮೆರಿಕದ ಇತಿಹಾಸಕಾರ್ತಿ. ಈ ದಿನಚರಿಯನ್ನು ಅವರು ಎಲ್ಲಿಂದಲೋ ಹುಡುಕಿ ತೆಗೆದರು ಎಂದು ಅನೇಕರು ಅಂದುಕೊಂಡಿದ್ದಾರೆ. ಅದು 1930ರಲ್ಲೇ ಅಮೆರಿಕದ ಮೇನ್ ರಾಜ್ಯದ ಗ್ರಂಥಾಲಯ ಸೇರಿತ್ತು. 1870ರಲ್ಲಿ ಅದೇ ರಾಜ್ಯದ ಅಗಸ್ಟಾ ಊರಿನ ಚರಿತ್ರೆ ಬರೆದ ಜೇಮ್ಸ್ ನಾರ್ತ್ ಕೂಡ ಅದನ್ನು ನೋಡಿದ್ದರು, ಆದರೆ ಸಾಮಾನ್ಯ ಓದುಗರಿಗೆ ಬೇಕಾದದ್ದು ಅದರಲ್ಲಿ ಹೆಚ್ಚಿಲ್ಲ ಎಂದುಬಿಟ್ಟರು. ಹವಾಮಾನ, ಹೆರಿಗೆ, ನೂಲು, ಯಾರು ಬಂದರು, ಯಾರು ಹೋದರು: 1785ರಿಂದ 1812ರವರೆಗೆ ಸುಮಾರು 10,000 ದಿನ ಇದೇ ಧಾಟಿ. ಬರೆದವಳು ಮಾರ್ಥಾ ಬಲ್ಲಾರ್ಡ್, ಹ್ಯಾಲೊವೆಲ್‌ನ ಸೂಲಗಿತ್ತಿ.

ಉಲ್ರಿಚ್ ಹುಟ್ಟಿದ್ದು 1938ರಲ್ಲಿ, ಐಡಹೋದ ಶುಗರ್ ಸಿಟಿಯಲ್ಲಿ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬದಲ್ಲಿ. ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ. ಮದುವೆಯಾಗಿ ಐದು ಮಕ್ಕಳನ್ನು ಸಾಕುತ್ತ, ಗಂಡ ಪಾಠ ಹೇಳುತ್ತಿದ್ದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲೇ 1980ರಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮುಗಿಸಿದರು, ಆಗ ವಯಸ್ಸು ನಲವತ್ತು ದಾಟಿತ್ತು. 1990ರಲ್ಲಿ ಮಾರ್ಥಾಳ ದಿನಚರಿ ಆಧರಿಸಿದ ಪುಸ್ತಕ 'ಎ ಮಿಡ್‌ವೈಫ್ಸ್ ಟೇಲ್' ಪ್ರಕಟವಾಯಿತು. ಮರುವರ್ಷ ಪುಲಿಟ್ಜರ್, ಇತಿಹಾಸ ಕೃತಿಗಳಿಗೆ ಕೊಡುವ ಬ್ಯಾಂಕ್ರಾಫ್ಟ್ ಬಹುಮಾನ ಎರಡೂ ಬಂದವು, 1992ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್. 1995ರಲ್ಲಿ ಹಾರ್ವರ್ಡ್ ಸೇರಿದರು.

ಬಹುಮಾನ ತಂದುಕೊಟ್ಟದ್ದು ಅವರ ಓದುವ ಕ್ರಮ ಎಂದು ನಾನು ಹೇಳುತ್ತೇನೆ. ಹಿಂದಿನವರು ದಿನಚರಿಯಲ್ಲಿ 'ಘಟನೆ' ಹುಡುಕಿ, ಉಳಿದದ್ದನ್ನು ಬಿಟ್ಟರು. ಉಲ್ರಿಚ್ ಬೇಸರ ತರಿಸುವ ಸಾಲುಗಳನ್ನೇ ಎಣಿಸಿದರು. ಮಾರ್ಥಾ ಪುಟದ ಅಂಚಿನಲ್ಲಿ ಹೆರಿಗೆಯನ್ನು ಗುರುತು ಮಾಡಿಕೊಳ್ಳುತ್ತಿದ್ದಳು, ಕೂಲಿ ಬಂದಿತೋ ಇಲ್ಲವೋ ಅದನ್ನೂ ಬರೆಯುತ್ತಿದ್ದಳು. ಹೀಗೆ ಲೆಕ್ಕಕ್ಕೆ ಸಿಕ್ಕಿದ್ದು 816 ಹೆರಿಗೆ. 1785ರಿಂದ 1797ರ ನಡುವೆ ಆಕೆ ಚೊಚ್ಚಲು ಹೆರಿಗೆ ಮಾಡಿಸಿದ 106 ಹೆಂಗಸರಲ್ಲಿ 40 ಮಂದಿ ಮದುವೆಗೆ ಮುಂಚೆಯೇ ಗರ್ಭಿಣಿಯಾಗಿದ್ದರು. ಕಟ್ಟುನಿಟ್ಟಿನ ಪ್ಯೂರಿಟನ್ (ಮಡಿವಂತ ಪ್ರೊಟೆಸ್ಟಂಟ್ ಪಂಥ) ಸಮಾಜ ಎಂಬ ಚಿತ್ರ ಇಲ್ಲೇ ಅಲುಗಾಡುತ್ತದೆ. ಆದರೆ ಎಣಿಕೆ ಒಂದರಿಂದಲೇ ಅದು ಅರ್ಥವಾಗುವುದಿಲ್ಲ, ಕಾನೂನೂ ಗೊತ್ತಿರಬೇಕು. ಮದುವೆಯಾಗದ ಹೆಣ್ಣು ಹೆರಿಗೆ ನೋವಿನಲ್ಲಿ ಹೇಳಿದ ತಂದೆಯ ಹೆಸರನ್ನು ನ್ಯಾಯಾಲಯ ಸಾಕ್ಷ್ಯವಾಗಿ ಪರಿಗಣಿಸುತ್ತಿತ್ತು, ಅದನ್ನು ಕೇಳಿಸಿಕೊಳ್ಳಬೇಕಾದವಳು ಸೂಲಗಿತ್ತಿ. 1791ರಲ್ಲಿ ಸ್ಯಾಲಿ ಪಿಯರ್ಸ್ ಎಂಬಾಕೆ ಹೇಳಿದ ಹೆಸರು ಮಾರ್ಥಾಳ ಸ್ವಂತ ಮಗ ಜೊನಾಥನ್‌ನದು! ಮಾರ್ಥಾ ಅದನ್ನೂ ಬರೆದಿಟ್ಟಳು. ಕೆಲವು ತಿಂಗಳಲ್ಲಿ ಇಬ್ಬರ ಮದುವೆಯಾಯಿತು.

ಎರಡನೆಯ ಹೆಜ್ಜೆ ತಾಳೆ ನೋಡುವುದು. ತೆರಿಗೆ ಪಟ್ಟಿ, ನ್ಯಾಯಾಲಯದ ಕಡತ, ಗಂಡಸರ ಜಮಾಖರ್ಚು ಪುಸ್ತಕ ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ, ಅಲ್ಲಿ ಕಾಣದ ವಹಿವಾಟು ದಿನಚರಿಯಲ್ಲಿ ಕಾಣುತ್ತದೆ. ನೂಲು, ಬಟ್ಟೆ, ಔಷಧದ ಗಿಡ, ಹೆಣ್ಣುಮಕ್ಕಳ ದುಡಿಮೆ ಮನೆಯಿಂದ ಮನೆಗೆ ಕೈ ಬದಲಾಗುತ್ತಿದ್ದವು, ಗಂಡನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ಮನೆಗೆಲಸವೆಲ್ಲ ಮಾರ್ಥಾಳ ತಲೆಯ ಮೇಲೆ ಬಿತ್ತು. 1804ರಲ್ಲಿ, ತೆರಿಗೆ ವಸೂಲಿಗಾರನಾಗಿದ್ದ ಗಂಡ ಎಫ್ರೇಮ್ ವಸೂಲಾಗದ ಬಾಕಿಗಾಗಿ ಜೈಲು ಸೇರಿದಾಗ ಸೌದೆಗೂ ಪರದಾಟ. ಇದೆಲ್ಲ ಒಂದೊಂದು ಸಾಲಿನ ನಮೂದುಗಳಿಂದ ಕಟ್ಟಿದ ಚಿತ್ರ.

ಟೀ ಶರ್ಟುಗಳ ಮೇಲೆ ಕಾಣುವ, ಸದ್ಗುಣಿ ಹೆಂಗಸರು ಇತಿಹಾಸ ಸೇರುವುದು ಅಪರೂಪ ಎಂಬ ಮಾತೂ ಉಲ್ರಿಚ್ ಅವರದೇ. ಪ್ಯೂರಿಟನ್ನರ ಅಂತ್ಯಕ್ರಿಯೆ ಪ್ರವಚನಗಳ ಮೇಲೆ 1976ರಲ್ಲಿ ಬರೆದ ಲೇಖನದ ಸಾಲು ಅದು. ಅದನ್ನು 'ಕೆಟ್ಟವರಾಗಿರಿ' ಎಂಬ ಕರೆ ಎಂದು ಓದುವವರೇ ಹೆಚ್ಚು. ಆದರೆ ಉಲ್ರಿಚ್ ಅವರ ತಕರಾರು ಇದ್ದದ್ದು ಸದ್ದಿಲ್ಲದೆ ಬದುಕಿದವರನ್ನು ಬಿಟ್ಟುಬಿಡುವ ಇತಿಹಾಸಕಾರರ ಮೇಲೆ.

ಪುಸ್ತಕ ಓದುವುದಾದರೆ ಒಂದು ಸಲಹೆ. ಪ್ರತಿ ಅಧ್ಯಾಯದ ಆರಂಭದಲ್ಲಿ ದಿನಚರಿಯ ಹಲವು ದಿನಗಳ ನಮೂದು ಇರುತ್ತದೆ. ಬಹುತೇಕರು ಅದನ್ನು ಹಾರಿಸಿ ವಿವರಣೆಗೆ ಹೋಗುತ್ತಾರೆ, ಆಮೇಲೆ ಉಲ್ರಿಚ್ ಈ ತೀರ್ಮಾನಕ್ಕೆ ಹೇಗೆ ಬಂದರು ಎಂದು ತಿಳಿಯದೆ ಒದ್ದಾಡುತ್ತಾರೆ. ಮೊದಲು ಆ ನಮೂದನ್ನೇ ನಿಧಾನಕ್ಕೆ ಓದಿ, ಬಂದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಾಗುಣಿತ ದಿನಕ್ಕೊಂದು ಥರ ಇರುತ್ತದೆ, ಜೋರಾಗಿ ಓದಿದರೆ ಪದ ಹೊಳೆಯುತ್ತದೆ. ಇಡೀ ದಿನಚರಿ 'ಡೂಹಿಸ್ಟರಿ' ಜಾಲತಾಣದಲ್ಲಿ ಉಚಿತವಾಗಿಯೇ ಇದೆ, ಮೂಲ ಕೈಬರಹದ ಚಿತ್ರಗಳ ಸಮೇತ.