ಓಡುವುದು ಯಾವುದು?

ಪ್ರಶ್ನೆ: ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಗೈಡಿನಲ್ಲಿ ‘ಕರೆಂಟ್ ಅಫೇರ್ಸ್’, ಬ್ಯಾಂಕಿನಲ್ಲಿ ‘ಕರೆಂಟ್ ಅಕೌಂಟ್’, ಕಡಲ ಬದಿಯ ಬೋರ್ಡಿನಲ್ಲಿ ‘ಸ್ಟ್ರಾಂಗ್ ಕರೆಂಟ್’. ನಮಗೆ ಕರೆಂಟ್ ಅಂದ್ರೆ ಲೈಟಿಗೆ ಬರುವುದು. ಇದೆಲ್ಲ ಒಂದೇ ಶಬ್ದವಾ?
– ಓದುಗರು, ಬದಿಯಡ್ಕ

ಉತ್ತರ: ಒಂದೇ ಶಬ್ದ. ಲ್ಯಾಟಿನಿನ ‘ಕುರ್ರೆರೆ’ ಎಂದರೆ ಓಡು. ಅದು ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂತು. ಶಾಲೆಯಲ್ಲಿ ಈ ಶಬ್ದ ಬಂದಾಗಲೆಲ್ಲ ನಾನು ಮಕ್ಕಳನ್ನು ಕೇಳುತ್ತಿದ್ದೆ: ಇಲ್ಲಿ ಓಡುತ್ತಿರುವುದು ಯಾವುದು?

ನೀರು ಓಡಿದರೆ ಸೆಳೆತ. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆಯ ಬದಿಯಲ್ಲಿ ನಿಂತು ನೋಡಿ. ಕೆಂಪು ನೀರಿನ ನಡುವೆ ಬಿದ್ದ ತೆಂಗಿನ ಮಡಲು ಸರ್ರನೆ ಕಡಲಿನತ್ತ ಹೋಗುತ್ತದೆ. ದಡದ ಹತ್ತಿರ ಬಿದ್ದದ್ದು ಅಲ್ಲೇ ಸುತ್ತುತ್ತಿರುತ್ತದೆ. ಆ ಮೊದಲ ಮಡಲನ್ನು ಎಳೆದುಕೊಂಡು ಹೋಯಿತಲ್ಲ, ಅದೇ ಕರೆಂಟ್. ಕಡಲ ಬದಿಯ ಬೋರ್ಡು ಹೇಳುವುದೂ ಇದನ್ನೇ. ದಯವಿಟ್ಟು ಅದನ್ನು ಅಸಡ್ಡೆ ಮಾಡಬೇಡಿ. ಕಡಲಿಗೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ನೇರ ದಡಕ್ಕೆ ಈಜಬಾರದು. ದಡದ ಉದ್ದಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಚುನಾವಣೆ ಸುದ್ದಿಯ ‘ಅಂಡರ್‌ಕರೆಂಟ್’ ಕೂಡ ಇಲ್ಲಿಂದಲೇ: ಮೇಲೆ ಏನೂ ಕಾಣದು, ಒಳಗೆ ಎಳೆತ ಜಾಸ್ತಿ.

ವಿದ್ಯುತ್ತಿಗೆ ಈ ಹೆಸರು ಬಂದದ್ದು ನೀರಿನಿಂದ. 18ನೇ ಶತಮಾನದ ವಿಜ್ಞಾನಿಗಳು ವಿದ್ಯುತ್ತನ್ನು ಕಣ್ಣಿಗೆ ಕಾಣದ ದ್ರವ ಎಂದುಕೊಂಡಿದ್ದರು. ದ್ರವವಾದರೆ ಹರಿಯಬೇಕು, ಅಲ್ವಾ? ಆ ಕಲ್ಪನೆ ಬಿದ್ದುಹೋಯಿತು, ಹೆಸರು ಉಳಿಯಿತು. ಆದರೆ ತೋಟದಲ್ಲಿ ನಾವು ‘ಕರೆಂಟ್ ಉಂಟು, ವೋಲ್ಟೇಜ್ ಇಲ್ಲ, ಪಂಪು ಎತ್ತುವುದಿಲ್ಲ’ ಎನ್ನುವಾಗ ಕರೆಂಟ್ ಎಂದರೆ ವಿದ್ಯುತ್ ಪೂರೈಕೆ. ಇಂಗ್ಲಿಷಿನವರು ಅದಕ್ಕೆ ‘ಪವರ್’ ಎನ್ನುತ್ತಾರೆ. ಅವರ ಕರೆಂಟ್ ತಂತಿಯೊಳಗಿನ ಹರಿವು, ಆಂಪಿಯರಿನಲ್ಲಿ ಅಳೆಯುವಂಥದ್ದು. ‘ಕರೆಂಟ್ ಹೋಯಿತು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಪವರ್’ ಎಂದೇ ಬರೆಯಿರಿ.

ಈಗ ಓಡುತ್ತಿರುವ ಕಾಲದ ವಿಷಯ ‘ಕರೆಂಟ್ ಅಫೇರ್ಸ್’. ‘ಕರೆಂಟ್ ಅಕೌಂಟ್’ ಕನ್ನಡದಲ್ಲಿ ‘ಚಾಲ್ತಿ ಖಾತೆ’. ಆ ಚಾಲ್ತಿಯೊಳಗೂ ಚಲನೆಯೇ ಇರುವುದು. ವ್ಯಾಪಾರಿಯ ದುಡ್ಡು ದಿನವಿಡೀ ಒಳಗೆ ಹೊರಗೆ ಓಡಾಡುವ ಖಾತೆ ಅದು. ‘ಕರೆನ್ಸಿ’ಯೂ ಇದೇ ಕುಟುಂಬದ್ದು, ಕೈಯಿಂದ ಕೈಗೆ ಓಡುವಂಥದ್ದು. 2016ರ ನವೆಂಬರಿನಲ್ಲಿ 500, 1000 ರೂಪಾಯಿಯ ಹಳೇ ನೋಟು ‘ನಡೆಯುವುದಿಲ್ಲ’ ಎಂದೆವಲ್ಲ? ನಾವು ನಡೆಸಿದ್ದನ್ನು ಇಂಗ್ಲಿಷಿನವರು ಓಡಿಸಿದ್ದಾರೆ, ಅಷ್ಟೇ.

ಕೇಕಿಗೆ ಹಾಕುವ ಸಣ್ಣ ಒಣದ್ರಾಕ್ಷಿ ‘ಕರಂಟ್’ ಮಾತ್ರ ಬೇರೆ. ಅದು ಗ್ರೀಸಿನ ಕೊರಿಂತ್ ಎಂಬ ಊರಿನ ಹೆಸರಿನಿಂದ ಬಂದದ್ದು. ಸ್ಪೆಲ್ಲಿಂಗಿನಲ್ಲಿ ‘ಇ’ ಇರುವ ಜಾಗದಲ್ಲಿ ‘ಎ’ ಬರುತ್ತದೆ. ಪರೀಕ್ಷೆಯಲ್ಲಿ ಅದನ್ನು ನೋಡಿಕೊಳ್ಳಿ.