ಕಟೋಗೊ: ಬಾಳೆಕಾಯಿ ಕಪ್ಪಾಗದ ಹಾಗೆ, ಹದವಾಗಿ ಬೇಯೋ ಹಾಗೆ

ಅಕ್ಕಾ, ಕಂಪಾಲಾದಲ್ಲಿ ಮೊದಲ ಸಲ ಮಾಂಸ ಹಾಕದೆ ಕಟೋಗೊ (ಬಾಳೆಕಾಯನ್ನ ಬೇರೆ ಪದಾರ್ಥಗಳ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸೋ ಉಗಾಂಡಾ ಅಡುಗೆ) ಮಾಡಿದ್ರೆ ಕಾಯಿ ಕಪ್ಪಾಯ್ತು, ಒಗರು ಬಂತು, ಒಳಗೆ ಗಟ್ಟಿಯಾಗೇ ಉಳೀತು ಅಂತ ಬರೆದಿದ್ದೀರಿ. ಮೂರಕ್ಕೂ ಕಾರಣ ಬೇರೆ ಬೇರೆ.

ಒಗರು ಬಂದಿದ್ರೆ ಕಾಯಿ ಆರಿಸೋದರಲ್ಲೇ ವ್ಯತ್ಯಾಸ ಆಗಿರಬಹುದು. ಅಲ್ಲಿ ಹಸಿರು ಗೊನೆ ಎಲ್ಲ ನೋಡೋಕೆ ಒಂದೇ ಥರ. ಎಂಬಿಡ್ಡೆ ಅನ್ನೋದು ಬಾಳೆ ಬಿಯರ್‌ಗೆ ಬೆಳೆಯೋ ಜಾತಿ, ತುಂಬ ಒಗರು. ಗೊಂಜ ನಮ್ಮ ನೇಂದ್ರದ ಥರ, ಹಣ್ಣಾದ ಮೇಲೆ ಸುಟ್ಟು ತಿನ್ನೋಕೆ ಚೆಂದ. ಹಾಗಾಗಿ ‘ಮಟೋಕೆ’ (ಹಸಿರಿದ್ದಾಗಲೇ ಬೇಯಿಸಿ ತಿನ್ನೋ ಅಡುಗೆ ಬಾಳೆ) ಅಂತಲೇ ಕೇಳಿ ತಗೊಳ್ಳಿ. ತುದಿಯಲ್ಲಿ ಹಳದಿ ತಿರುಗಿದ್ದು ಬೇಡ, ಸಿಹಿಯಾಗಿ ಮುದ್ದೆಯಾಗುತ್ತೆ.

ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡು, ಎರಡೂ ತುದಿ ಕತ್ತರಿಸಿ, ಸಿಪ್ಪೆಯನ್ನ ಉದ್ದುದ್ದಕ್ಕೆ ಹೆರೆಯಿರಿ. ಹಸಿರು ಎಳೆ ಒಂದೂ ಉಳೀಬಾರದು. ಹೆರೆದ ತಕ್ಷಣ ಉಪ್ಪುನೀರಿಗೆ ಹಾಕಿ, ಸೊನೆ ಇಳಿದ ಮೇಲೆ ಆ ನೀರು ಚೆಲ್ಲಿಬಿಡಿ. ಕಬ್ಬಿಣದ ಬಾಣಲೆ ಮಾತ್ರ ಬೇಡ. ಕಾಯಿಯ ಒಗರು ಕಬ್ಬಿಣಕ್ಕೆ ಸೇರಿದ್ರೆ ಕಪ್ಪಾಗೋದು ಖಂಡಿತ.

ಈಗ ಗಟ್ಟಿ ಉಳಿದಿದ್ದರ ವಿಷಯ. ಟೊಮೆಟೊ ಮೊದಲೇ ಹಾಕಿದ್ರಾ? ಹುಳಿ ಇದ್ರೆ ಕಾಯಿ ಬೇಯೋದು ನಿಧಾನ. ನಾಲ್ಕು ಜನಕ್ಕೆ ಹತ್ತು ಹನ್ನೆರಡು ಕಾಯಿ ಸಾಕು. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ ಬಾಡಿಸಿ, ಕಾಯಿ ಇಡಿಯಾಗಿ ಇಲ್ಲವೇ ಎರಡು ತುಂಡು ಮಾಡಿ ಜೋಡಿಸಿ, ಮೇಲೆ ಕ್ಯಾರೆಟ್, ದಪ್ಪ ಮೆಣಸಿನಕಾಯಿ, ಬೇರೆ ಬೇಯಿಸಿಟ್ಟ ಬೀನ್ಸ್ ಕಾಳು, ಉಪ್ಪು ಹಾಕಿ. ಕಾಯಿ ಮುಳುಗೋ ಅಷ್ಟು ನೀರು. ಕಂಪಾಲಾ ಹತ್ತಿರದ ಎಂಟೆಬ್ಬೆಯಲ್ಲಿ ನಮ್ಮ ಪಕ್ಕದ ಮನೆಯಮ್ಮ ಪಾತ್ರೆಯ ಬಾಯಿಗೆ ಬಾಳೆಲೆ ಮುಚ್ಚಿ, ಅಂಚನ್ನೆಲ್ಲ ಒಳಕ್ಕೆ ಮಡಚಿ ಒತ್ತಿ, ಅದರ ಮೇಲೆ ಮುಚ್ಚಳ ಇಡೋರು. ಹಬೆ ಒಳಗೇ ನಿಲ್ಲುತ್ತೆ, ಎಲೆಯ ಪರಿಮಳವೂ ಇಳಿಯುತ್ತೆ.

ಸೌಟು ಹಾಕಿ ತಿರುವಬೇಡಿ. ಬೇಕಾದ್ರೆ ಪಾತ್ರೆ ಹಿಡಿದು ಕುಲುಕಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆಗೆ ಬೆಳ್ಳಗಿದ್ದ ಕಾಯಿ ಹಳದಿಗೆ ತಿರುಗುತ್ತೆ, ಚಾಕು ಸಲೀಸಾಗಿ ಇಳಿಯುತ್ತೆ. ಆಗ ಟೊಮೆಟೊ.

ಕಡಲೆಕಾಯಿ ಪುಡಿ ನೂರು ಗ್ರಾಂ ಸಾಕು, ಮೊದಲು ನೀರಲ್ಲಿ ಗಂಟಿಲ್ಲದ ಹಾಗೆ ಕದಡಿಕೊಳ್ಳಿ. ಹುರಿದು ಪುಡಿ ಮಾಡಿದ್ದಾದ್ರೆ ಟೊಮೆಟೊ ಕರಗಿದ ಮೇಲೆ ಸುರಿದು ಐದಾರು ನಿಮಿಷ. ಅಲ್ಲಿ ಸಿಗೋ ಗುಲಾಬಿ ಬಣ್ಣದ ಹಸಿ ಪುಡಿಯಾದ್ರೆ ಬೇರೆ ಪಾತ್ರೆಯಲ್ಲಿ, ಹಸಿ ವಾಸನೆ ಹೋಗಿ ಎಣ್ಣೆ ತೇಲೋ ತನಕ ಕುದಿಸಿ ಆಮೇಲೆ ಸೇರಿಸಿ. ಇಲ್ಲಾಂದ್ರೆ ತಳ ಹಿಡಿಯುತ್ತೆ. ಕೊನೆಗೆ ಡೋಡೊ ಸೊಪ್ಪು (ನಮ್ಮ ದಂಟಿನ ಜಾತಿಯೇ) ಒಂದು ಹಿಡಿ. ನಕಾಟಿ ಸೊಪ್ಪು ಸ್ವಲ್ಪ ಕಹಿ, ನನಗಂತೂ ಕಡಲೆಕಾಯಿ ಜೊತೆ ಅದೇ ಇಷ್ಟ.

ಸಾಂಬಾರ್ ಪುಡಿ, ಗರಂ ಮಸಾಲೆ ದಯವಿಟ್ಟು ಹಾಕಬೇಡಿ, ಮಟೋಕೆಯ ರುಚಿಯೇ ಮುಚ್ಚಿಹೋಗುತ್ತೆ.

ಬೆಂಗಳೂರಲ್ಲಿ ಮಾಡೋರು ಬೂದುಬಾಳೆ ತಗೊಳ್ಳಿ. ಮಟೋಕೆಯಷ್ಟು ಮೆತ್ತಗಾಗಲ್ಲ, ಆದ್ರೂ ನಡೆಯುತ್ತೆ. ಬಿಸಿಬಿಸಿ ಇದ್ದಾಗಲೇ ಊಟ ಮಾಡಿ. ಆರಿದ್ರೆ ಕಾಯಿ ಬಿರುಸಾಗುತ್ತೆ, ಆಗ ಸ್ವಲ್ಪ ಬಿಸಿನೀರು ಹಾಕಿ ಮುಚ್ಚಿಟ್ಟು ಮತ್ತೆ ಬಿಸಿ ಮಾಡಿ.