ನಿಮ್ಮ ಮಾತು ಆ ಪಾಪ ಅಲ್ಲರಿ

ಅಕ್ಕಾರ, ಅಪ್ಪ ತೀರಿಕೊಂಡ ರಾತ್ರಿ ಸಿಟ್ಟಿನಲ್ಲಿ ಪವಿತ್ರಾತ್ಮನನ್ನೇ ಬೈದುಬಿಟ್ಟೆ, ಇದಕ್ಕೆ ಕ್ಷಮೆ ಇಲ್ಲವೇ ಅಂತ ಕೇಳಿದ್ದೀರಿ. ಬೆಟಗೇರಿ ಚರ್ಚಿನಲ್ಲಿ ಪವಿತ್ರ ಭೋಜನದ ಹೊತ್ತಿಗೆ ಎದ್ದು ಹೊರಗೆ ಬರ್ತೀನಿ ಅಂತಲೂ ಬರೆದಿದ್ದೀರಿ. ಓದಿ ಕರುಳು ಚುರ್ ಅಂತು. ಕ್ಷಮೆ ಇದೆ ರೀ.

ಪವಿತ್ರಾತ್ಮನ ದೂಷಣೆಗೆ ಕ್ಷಮೆಯಿಲ್ಲ ಅಂತ ಯೇಸು ಹೇಳಿದ, ನಿಮ್ಮನ್ನು ಹೆದರಿಸುವ ಆ ಒಂದು ವಚನಕ್ಕೇ ನಿಲ್ಲದೆ ಬೈಬಲಿನ ಮತ್ತಾಯ 12ನೇ ಅಧ್ಯಾಯ ಪೂರ್ತಿ ಓದಿ. ದೆವ್ವ ಹಿಡಿದು ಕಣ್ಣೂ ಮಾತೂ ಇಲ್ಲದವನನ್ನು ಯೇಸುಸ್ವಾಮಿ ಜನರೆದುರೇ ವಾಸಿಮಾಡಿದರು. ಅದನ್ನು ಕಂಡೂ ಫರಿಸಾಯರು ಎಂಬ ಯೆಹೂದಿ ಪಂಥದವರು, ಇದು ದೆವ್ವಗಳ ಒಡೆಯ ಬೆಲ್ಜೆಬೂಲನ ಕೆಲಸ ಅಂದರು. ಯೇಸುವಿಗೇ ಅಶುದ್ಧಾತ್ಮ ಹಿಡಿದಿದೆ ಎಂದು ವಿರೋಧಿಗಳು ಹೇಳಿದ್ದಕ್ಕೇ ಆತ ಆ ಎಚ್ಚರಿಕೆ ನುಡಿದರು ಅಂತ ಮಾರ್ಕ 3:30 ಕಾರಣವನ್ನೂ ಕೊಡುತ್ತದೆ. ದೇವರ ಕೆಲಸ ಅಂತ ಕಣ್ಣಿಗೆ ಕಂಡರೂ ಬೇಕಂತಲೇ ಸೈತಾನನದು ಅನ್ನುವ ಹಠ ಅದು. ಸಂತ ಅಗಸ್ಟೀನ್ ಇದನ್ನು ಸಾಯುವತನಕ ಪಶ್ಚಾತ್ತಾಪಪಡದ ಮೊಂಡುತನ ಎಂದೇ ವಿವರಿಸಿದ. ನೀವೋ ಅಳುತ್ತಾ ಕ್ಷಮೆ ಬೇಡುತ್ತಿದ್ದೀರಿ!

ಅಪೊಸ್ತಲ ಪೌಲ ತಾನು ಮೊದಲು ದೂಷಕನಾಗಿದ್ದೆ ಅಂತ 1 ತಿಮೊಥೆ 1:13ರಲ್ಲಿ ತಾನೇ ಬರೆದಿದ್ದಾನೆ, ಅವನಿಗೂ ಕರುಣೆ ಸಿಕ್ಕಿತು. ಯೇಸುವಿನ ಶಿಷ್ಯ ಪೇತ್ರನಂತೂ ಮೂರು ಸಲ ಯೇಸುವನ್ನು ಅರಿಯೆ ಅಂದವನು.

ಈ ಭಾನುವಾರಕ್ಕೆ ಮುಂಚೆಯೇ ನಿಮ್ಮ ಸಭಾಪಾಲಕರನ್ನು ಕಂಡು ಇದನ್ನೆಲ್ಲ ಬಾಯಿಬಿಟ್ಟು ಹೇಳಿ, ಅವರ ಜೊತೆ ಪ್ರಾರ್ಥಿಸಿ, ಭೋಜನಕ್ಕೆ ಕೂಡ್ರಿ. ಆಮೇಲೂ ಅದೇ ಯೋಚನೆ ನಿದ್ದೆ ಕೆಡಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವೈದ್ಯರಿಗೆ ತೋರಿಸಿ. ಅಪ್ಪನ ಅಗಲಿಕೆಯ ನೋವಿಗೂ ಆರೈಕೆ ಬೇಕು, ಅದಕ್ಕೆ ನಾಚಿಕೆ ಬೇಡ.